ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಕುದಿಸಿದ್ರೆ ಸ್ಟ್ರಾಂಗ್ ಆಗ್ತದಾ?

ಪ್ರಶ್ನೆ ಇಷ್ಟು: 5% ಆಸಿಡ್ ಇದೆ, ಕುದಿಸಿ ನೀರು ಹಾರಿಸಿದ್ರೆ ಲ್ಯಾಬ್‌ನಲ್ಲಿರೋ 37% ಬಾಟಲಿ ತರ ಆಗ್ತದಾ ಅಂತ. ಆಗೂದಿಲ್ಲ, 20% ಹತ್ರ ಬಂದು ನಿಂತ್ಬಿಡ್ತದೆ.

ಗೋಕರ್ಣದ ಹತ್ರ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಬಿಸಿಲಿಗೆ ನೀರು ಆರಿ ಉಪ್ಪು ಉಳೀತದಲ್ಲ, ಅದೇ ಲೆಕ್ಕ ಇಲ್ಲೂ ಅಂದ್ಕೊಳ್ತಾರೆ ತುಂಬಾ ಜನ, ಆದ್ರೆ ಉಪ್ಪು ಹಾರೂದಿಲ್ಲ, ಈ ಆಸಿಡ್ ಅಂದ್ರೆ ನೀರಲ್ಲಿ ಕರಗಿದ ಹೈಡ್ರೋಜನ್ ಕ್ಲೋರೈಡ್ ಗ್ಯಾಸು, ಅದೂ ಆವಿ ಜೊತೆ ಏಳ್ತದೆ. ಮೊದಮೊದಲು ಹೆಚ್ಚಾಗಿ ನೀರೇ ಹೋಗ್ತದೆ, ಹಾಗಾಗಿ ಪಾತ್ರೆಯಲ್ಲಿ ಉಳಿದಿದ್ದು ನಿಧಾನಕ್ಕೆ ಸ್ಟ್ರಾಂಗ್ ಆಗ್ತಾ ಬರ್ತದೆ. 20.2% ಮುಟ್ಟಿದ ಮೇಲೆ, ಸುಮಾರು 108.6 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದ್ರವದಲ್ಲಿ ಎಷ್ಟು ಪಾಲು ಆಸಿಡ್ ಇದ್ಯೋ ಆವಿಯಲ್ಲೂ ಅಷ್ಟೇ, ಇನ್ನು ಎಷ್ಟ್ ಹೊತ್ತು ಕುದಿಸಿದ್ರೂ ಪಾತ್ರೆಯಲ್ಲಿರೋ ದ್ರವ ಕಮ್ಮಿ ಆಗ್ತದೆ ಹೊರತು ಶೇಕಡಾ ಏರೂದಿಲ್ಲ. ಇದಕ್ಕೆ ಅಝಿಯೋಟ್ರೋಪ್ ಅಂತಾರೆ. ನಂಗೆ ಇದ್ರಲ್ಲಿ ಬಹಳ ಚಂದ ಅನ್ಸೋದು ಅಂದ್ರೆ 37% ಆಸಿಡ್ ಕುದಿಸಿದ್ರೂ ಗ್ಯಾಸ್ ಬಿಟ್ಟು ಬಿಟ್ಟು ಅದೇ 20ಕ್ಕೇ ಇಳೀತದೆ.

37% ಬೇಕಂದ್ರೆ ಫ್ಯಾಕ್ಟರಿಯಲ್ಲಿ ಮಾಡಿದ ಹಾಗೆ ಗ್ಯಾಸನ್ನೇ ನೀರಿಗೆ ಹೀರಿಸ್ಬೇಕು.

ಮನೇಲಂತೂ ಕುದಿಸ್ಲೇಬೇಡಿ. ಕಾರವಾರದ ಮಳೆಗಾಲದ ಗಾಳಿಗೆ ಸ್ಟ್ರಾಂಗ್ ಆಸಿಡ್ ಬಾಟಲಿ ಮುಚ್ಚಳ ಬರೀ ಸಡಿಲ ಮಾಡಿದ್ರೂ ಬಾಟಲಿ ಬಾಯಲ್ಲಿ ಬಿಳಿ ಹೊಗೆ ಕಟ್ತದೆ, ಗಂಟಲು ಉರೀತದೆ, ಪಕ್ಕದ ಕಿಟಕಿ ಸರಳಿಗೂ ತುಕ್ಕು ಹಿಡೀತದೆ, ಕುದಿಸಿದ್ರೆ ಆ ಹೊಗೆ ಸೀದಾ ನಿಮ್ಮ ಶ್ವಾಸಕೋಶಕ್ಕೇ.