ಪಾಳು ಮನೆ ಪೇಂಟ್ ಮಾಡೋಕೆ ಹೋದ್ರೆ ಬರೀ ಕೆಸರು ಬಣ್ಣ ಬರ್ತಿದೆ, ಏನ್ಮಾಡ್ಲಿ?

ಪ್ರಶ್ನೆ: ಮೇಡಂ ನಮಸ್ತೆ, ನಮ್ದು ಸಕಲೇಶಪುರದ ಹತ್ರ ಹಳ್ಳಿ. ಅಜ್ಜನ ಕಾಲದ ಮಣ್ಣಿನ ಗೋಡೆ ಮನೆ ಹತ್ತು ವರ್ಷದಿಂದ ಖಾಲಿ ಬಿದ್ದಿದೆ, ಹೆಂಚು ಅರ್ಧ ಜಾರಿದೆ, ಅಂಗಳದಲ್ಲಿ ಹಳೇ ಎತ್ತಿನ ಗಾಡಿನೂ ಇದೆ. ಫೋಟೋ ನೋಡ್ಕೊಂಡು ವಾಟರ್‌ಕಲರ್‌ನಲ್ಲಿ ನಾಲ್ಕು ಸಲ ಟ್ರೈ ಮಾಡ್ದೆ, ಪ್ರತಿ ಸಲನೂ ಇಡೀ ಹಾಳೆ ಕಂದು ಕಂದು. ತಪ್ಪು ಎಲ್ಲಾಗ್ತಿದೆ?

ಉತ್ತರ: ಹಳೇದು ಅಂದ ತಕ್ಷಣ ಕೈ ತಾನಾಗೇ ಬ್ರೌನ್ ಟ್ಯೂಬ್ ಕಡೆ ಹೋಗುತ್ತೆ, ಅಲ್ಲೇ ಆಗ್ತಿರೋದು. ಪಾಳು ಮನೆ ಅಷ್ಟೊಂದು ಕಂದು ಇರಲ್ಲ. ಬ್ರಷ್ ಹಿಡಿಯೋಕೆ ಮುಂಚೆ ಒಂದೇ ಒಂದು ವಿಷ್ಯ ಹುಡುಕಿ, ಈ ಮನೆಯೊಳಗೆ ನೀರು ಮೊದಲು ಎಲ್ಲಿಂದ ನುಗ್ತು ಅಂತ.

ಹೆಂಚು ಜಾರಿದ ಜಾಗದ ನೇರ ಕೆಳಗೆ ನೋಡಿ, ಗೋಡೆ ಮೇಲೆ ನೀರು ಇಳಿದ ಪಟ್ಟೆ ಇರುತ್ತೆ, ಅಲ್ಲಿ ಮಾತ್ರ ಸುಣ್ಣ ಕಿತ್ತು ಒಳಗಿನ ಕೆಂಪು ಮಣ್ಣು ಕಾಣುತ್ತೆ, ಪಕ್ಕದಲ್ಲಿ ನೀಲಿ ಹಾಕಿ ಬಳಿದ ಹಳೇ ಸುಣ್ಣ ಇನ್ನೂ ಹಾಗೇ ಇರುತ್ತೆ. ಇನ್ನು ಗೋಡೆ ಬುಡದಲ್ಲಿ ಮೊಣಕಾಲೆತ್ತರದ ತನಕ ಕೆಂಪಿದ್ಯಲ್ಲ, ಅದು ಸೂರಿನ ನೀರು ನೆಲಕ್ಕೆ ಬಿದ್ದು ಮಣ್ಣು ಚಿಮ್ಮಿದ ಗುರುತು. ಹೀಗೆ ನೋಡಿದ್ರೆ ಯಾವ ಬಣ್ಣ ಎಲ್ಲಿ ಅನ್ನೋದು ಗೋಡೆನೇ ಹೇಳುತ್ತೆ, ಗೋಡೆ ತುಂಬಾ ಒಂದೇ ಥರ ಕೊಳಕು ಹಚ್ಚೋ ಕೆಲ್ಸನೇ ಬರಲ್ಲ. ಸುಣ್ಣದ ಜಾಗ ಪೇಪರ್ ಬಿಳಿನೇ ಬಿಟ್ಬಿಡಿ, ನೆರಳಿದ್ದಲ್ಲಿ ತೀರಾ ತೆಳು ನೀಲಿ ಸಾಕು.

ಗಾಡಿನಂತೂ ಎಲ್ರೂ ಕಂದು ಮಾಡ್ತಾರೆ, ನಂಗೆ ತುಂಬಾ ಬೇಜಾರಾಗೋದು ಇದಕ್ಕೇ! ವರ್ಷಗಟ್ಲೆ ಬಿಸಿಲು ಮಳೆ ತಿಂದ ಮರ ಬೂದಿ ಬಣ್ಣಕ್ಕೆ ತಿರುಗಿರುತ್ತೆ, ಬಿಸಿಲು ಮರದ ಮೇಲ್ಪದರ ಕೆಡಿಸುತ್ತೆ, ಮಳೆ ಅದನ್ನ ತೊಳೆದ್ಬಿಡುತ್ತೆ. ಆ ಬೂದಿಗೆ ಕಪ್ಪು ಟ್ಯೂಬ್ ಬೇಡವೇ ಬೇಡ, ಅಲ್ಟ್ರಾಮರೀನ್ ಬ್ಲೂಗೆ ಬರ್ಂಟ್ ಸಿಯೆನ್ನಾ ಅನ್ನೋ ಕೆಂಪು ಕಂದು ಬೆರೆಸಿ, ನೀಲಿ ಜಾಸ್ತಿ ಆದ್ರೆ ತಣ್ಣನೆ ಬೂದಿ, ಸಿಯೆನ್ನಾ ಜಾಸ್ತಿ ಆದ್ರೆ ಬೆಚ್ಚನೆ ಬೂದಿ. ಎರಡೇ ಬಣ್ಣ ಸಾರ್, ಮೂರು ನಾಲ್ಕು ಸೇರ್ತಿದ್ದ ಹಾಗೇ ಕೆಸರಾಗುತ್ತೆ. ಒಣಗಿದ ಮೇಲೆ ಬ್ರಷ್‌ನ ನೀರು ಬಟ್ಟೆಗೆ ಒತ್ತಿ ತೆಗೆದು ತರಿತರಿ ಪೇಪರ್ ಮೇಲೆ ಅಡ್ಡ ಮಲಗಿಸಿ ಎಳೀರಿ, ಮರದ ನಾರು ತಾನಾಗೇ ಬರುತ್ತೆ. ಗಾಲಿ ಸುತ್ತಿನ ಕಬ್ಬಿಣದ ಪಟ್ಟಾ ಸಡಿಲ ಆಗಿರುತ್ತೆ ಗಮನಿಸಿ, ಮರ ಒಣಗಿ ಕುಗ್ಗಿರೋದ್ರಿಂದ. ಆ ಸಂದಿ ಒಂದು ಗೆರೆ ತೋರಿಸಿ, ಪಟ್ಟಾ ಕೆಳಗೆ ತುಕ್ಕು ಇಳಿದಲ್ಲಿ ಸಿಯೆನ್ನಾ ಬೆರಕೆ ಇಲ್ದೆ ಹಾಗೇ ಹಚ್ಚಿ. ಚಿತ್ರದಲ್ಲಿ ಗಾಢ ಕಂದು ಇರಬೇಕಾದ್ದು ಅಷ್ಟೇ ಜಾಗದಲ್ಲಿ.

ಫೋಟೋ ವಿಷ್ಯ. ಮೊಬೈಲ್ ಫೋಟೋದಲ್ಲಿ ಬಾಗಿಲೊಳಗಿನ ಕತ್ತಲೆ ಪೂರ್ತಿ ಕಪ್ಪಾಗಿಬಿಡುತ್ತೆ, ಎದುರು ನಿಂತು ನೋಡಿದ್ರೆ ಅದರೊಳಗೆ ಮುರಿದ ಸೂರಿನಿಂದ ಬಿದ್ದ ಬೆಳಕೂ ಇರುತ್ತೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರೊಳಗೆ ಹೋಗಿ, ಓರೆ ಬಿಸಿಲಲ್ಲಿ ಗೋಡೆಯ ಉಬ್ಬು ತಗ್ಗೆಲ್ಲ ಕಾಣುತ್ತೆ. ಒಳಗೆ ಹೋಗ್ಬೇಡಿ, ಒದ್ದೆ ಮಣ್ಣಿನ ಗೋಡೆ ಯಾವಾಗ ಬೀಳುತ್ತೋ ಹೇಳೋಕಾಗಲ್ಲ, ಹೆಂಚಿನ ರಾಶಿಲಿ ಹಾವೂ ಇರುತ್ತೆ.

ಅಭ್ಯಾಸಕ್ಕೆ ಹಾಸನದ ಹತ್ರ ಶೆಟ್ಟಿಹಳ್ಳಿ ಚರ್ಚ್‌ಗೂ ಒಂದ್ಸಲ ಹೋಗ್ಬನ್ನಿ. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ್ದು, ಗೊರೂರಿನ ಹೇಮಾವತಿ ಡ್ಯಾಂ ಆದ್ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ, ಬೇಸಿಗೆಲಿ ಬುಡದ ತನಕ ನಡ್ಕೊಂಡು ಹೋಗ್ಬಹುದು. ಅಲ್ಲಿ ನೀರು ಮೇಲಿಂದ ಇಳಿದದ್ದಕ್ಕಿಂತ ಕೆಳಗಿಂದ ಏರಿದ್ದೇ ಜಾಸ್ತಿ, ಕಲೆಗಳು ಅಡ್ಡಡ್ಡ ಇರ್ತವೆ, ನಿಮ್ಮ ಮನೇಲಿ ಉದ್ದುದ್ದ. ಎರಡೂ ಪಕ್ಕಪಕ್ಕ ಸ್ಕೆಚ್ ಮಾಡಿ ನೋಡಿ.

ಆದ್ರೆ ಅಜ್ಜನ ಮನೆ ಮೊದ್ಲು ಮಾಡಿ. ಸೂರು ಹೋದ ಮಣ್ಣಿನ ಗೋಡೆ ಮಲೆನಾಡಿನ ಇನ್ನೊಂದು ಮಳೆಗಾಲ ತಡ್ಕೊಳ್ಳೋದು ಕಷ್ಟ, ಜೂನ್‌ಗೆ ಮುಂಚೆ ಹೋಗಿ ಕೂತ್ಕೊಳ್ಳಿ.