ಡಿಎಂಡಿ ಮಕ್ಕಳಿಗಾಗಿ ವಿಡಿಯೊ ಹಾಕುತ್ತಿದ್ದೇವೆ. ನೋಡುತ್ತಾರೆ, ಆದರೆ ಯಾರೂ ಫೋನ್ ಮಾಡುತ್ತಿಲ್ಲ, ದುಡ್ಡೂ ಬರುತ್ತಿಲ್ಲ. ತಪ್ಪು ಎಲ್ಲಿದೆ?

ನೀವು ಬರೆದದ್ದು ಇಷ್ಟು: ಬಾಗಲಕೋಟೆಯ ಸಣ್ಣ ಟ್ರಸ್ಟ್, ಡುಶೆನ್ ಸ್ನಾಯುಕ್ಷಯ ಅಂದರೆ ಡಿಎಂಡಿ ಇರುವ ಹುಡುಗರಿಗಾಗಿ ಕೆಲಸ, ಯೂಟ್ಯೂಬಿನಲ್ಲಿ ಹನ್ನೊಂದು ವಿಡಿಯೊ, ಕೆಳಗೆ ಬರೀ ‘ಅಯ್ಯೋ ಪಾಪ’ ಮತ್ತು ಕೈಮುಗಿದ ಚಿತ್ರಗಳು. ಹೊಸ ಕ್ಯಾಮೆರಾ ಕೊಳ್ಳಲೇ ಎಂದೂ ಕೇಳಿದ್ದೀರಿ. ಬೇಡ. ಒಂದೇ ವಿಡಿಯೊದಲ್ಲಿ ಇಬ್ಬರನ್ನು ಕರೆಯುತ್ತಿದ್ದೀರಿ, ತೊಂದರೆ ಅಲ್ಲಿದೆ. ಮಗನಿಗೆ ಏನಾಗಿದೆ ಎಂದೇ ತಿಳಿಯದ ತಾಯಿ-ತಂದೆ ಒಬ್ಬರು, ಸಾವಿರ ರೂಪಾಯಿ ಕೊಡಬಲ್ಲವರು ಇನ್ನೊಬ್ಬರು. ಎರಡನ್ನೂ ಬಿಡಿಸಿ ಮಾಡಿ.

ಮೊದಲು ತಾಯಿ-ತಂದೆಯ ವಿಡಿಯೊ. ಅದರಲ್ಲಿ ದುಡ್ಡಿನ ಮಾತೇ ಬರಬಾರದು, ಅಳುವ ಸಂಗೀತವೂ ಬೇಡ. ತೋರಿಸಬೇಕಾದದ್ದು ಒಂದೇ ದೃಶ್ಯ: ನೆಲದ ಮೇಲೆ ಕೂತ ನಾಲ್ಕೈದು ವರ್ಷದ ಹುಡುಗ ಏಳುವ ರೀತಿ. ಮೊದಲು ಬೋರಲಾಗಿ ಅಂಗೈ-ಅಂಗಾಲು ಊರುತ್ತಾನೆ, ಪೃಷ್ಠ ಮೇಲೆತ್ತುತ್ತಾನೆ, ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ತೊಡೆಗೆ, ಹೀಗೆ ತನ್ನ ಮೈಯನ್ನೇ ತಾನು ಗುಡ್ಡ ಹತ್ತಿದಂತೆ ಹತ್ತಿ ನಿಲ್ಲುತ್ತಾನೆ. ವೈದ್ಯರು ಇದನ್ನು ಗೋವರ್ಸ್ ಲಕ್ಷಣ ಎನ್ನುತ್ತಾರೆ. ಮನೆಯವರು ದಿನಾ ಕಂಡೂ ‘ಹುಡುಗ ಸ್ವಲ್ಪ ಮೆತ್ತಗ ಅದಾನ’ ಎಂದು ಬಿಟ್ಟಿರುತ್ತಾರೆ. ಪರದೆಯ ಮೇಲೆ ಕಂಡ ಕೂಡಲೇ ‘ನಮ್ಮವನೂ ಹಿಂಗ ಏಳ್ತಾನ’ ಅನ್ನಿಸುತ್ತದೆ. ಹತ್ತು ನಿಮಿಷದ ವೈದ್ಯರ ಭಾಷಣಕ್ಕಿಂತ ಈ ಹನ್ನೆರಡು ಸೆಕೆಂಡು ಮೇಲು.

ತೆಗೆಯುವಾಗ ಫೋನ್ ಮೊಣಕಾಲಿನ ಎತ್ತರದಲ್ಲಿರಲಿ, ಹಿಂದಿನಿಂದ ಸ್ವಲ್ಪ ಓರೆಯಾಗಿ. ಕೈ ತೊಡೆ ಹತ್ತುವುದು ಕಾಣುತ್ತದೆ, ಮುಖ ಕಾಣುವುದಿಲ್ಲ. ಜಮಖಾನೆ ಹಾಸಿ, ಪಕ್ಕದಲ್ಲಿ ಒಬ್ಬರು ದೊಡ್ಡವರು ನಿಂತಿರಲಿ. ಎರಡು ಸಲಕ್ಕಿಂತ ಹೆಚ್ಚು ಏಳಿಸಬೇಡಿ: ಆ ಸ್ನಾಯುಗಳಿಗೆ ಅದು ನಿಜವಾದ ದಣಿವು, ಮೂರನೆಯ ಸಲಕ್ಕೆ ಬೀಳಬಹುದು. ಇದರ ಜೊತೆ ದಪ್ಪಗಾದ ಮೀನಖಂಡದ ಒಂದು ತುಣುಕು, ಮೆಟ್ಟಿಲ ಕಂಬಿ ಹಿಡಿದು ಹತ್ತುವ ಒಂದು ತುಣುಕು ಸಾಕು.

ನಂತರ ಮಾಡಬೇಕಾದ ಒಂದೇ ಕೆಲಸ ಹೇಳಿ: ರಕ್ತದ ಸಿಪಿಕೆ ಪರೀಕ್ಷೆ, ಅಂದರೆ ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವದ ಅಳತೆ. ಡಿಎಂಡಿಯಲ್ಲಿ ಅದು ಸಾಮಾನ್ಯ ಮಿತಿಯ ಹತ್ತಾರು ಪಟ್ಟು, ಎಷ್ಟೋ ಸಲ ಹತ್ತು ಸಾವಿರ ದಾಟಿ ಇರುತ್ತದೆ. ಇನ್ನೊಂದು ಮಾತು ಬಿಡಬೇಡಿ. ಈ ಮಕ್ಕಳಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಲಿವರ್ ಪರೀಕ್ಷೆಯ ಅಂಕಿಗಳೂ ಏರಿರುತ್ತವೆ. ಅವು ಸ್ನಾಯುವಿನಿಂದ ಬಂದವು, ಆದರೆ ಲಿವರ್ ತೊಂದರೆ, ಕಾಮಣಿ ಎಂದು ತಿಂಗಳುಗಟ್ಟಲೆ ಔಷಧ ನಡೆಯುವುದುಂಟು. ‘ಕಾಮಣಿ ಔಷಧ ಕೊಟ್ಟರೂ ರಿಪೋರ್ಟ್ ಇಳಿಯುತ್ತಿಲ್ಲವೇ? ಸಿಪಿಕೆ ಮಾಡಿಸಿ’ ಎಂಬುದನ್ನೇ ಬೇರೆ ಒಂದು ವಿಡಿಯೊ ಮಾಡಬಹುದು. ಎಲ್ಲಿಗೆ ಹೋಗಬೇಕು ಎಂಬುದೂ ಇರಲಿ: ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡಿ ಜಿಲ್ಲಾಮಟ್ಟದ ಡಿಇಐಸಿಗೆ (ತೊಂದರೆ ಬೇಗ ಗುರುತಿಸಿ ಆರೈಕೆ ಕೊಡುವ ಕೇಂದ್ರಕ್ಕೆ) ಕಳಿಸುತ್ತದೆ. ಮುಂದಿನ ಹಂತಕ್ಕೆ, ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಕರ್ನಾಟಕಕ್ಕೆ ಗುರುತಿಸಿದ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನಲ್ಲಿದೆ: ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಸ್ನಾಯುಕ್ಷಯ 2016ರ ಅಂಗವಿಕಲರ ಕಾಯ್ದೆಯ 21 ವಿಧಗಳಲ್ಲಿ ಒಂದು, ಹಾಗಾಗಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಸಿಗುತ್ತದೆ. ಎಷ್ಟೋ ಮನೆಗಳಿಗೆ ಇದೇ ಗೊತ್ತಿರುವುದಿಲ್ಲ.

ಶೀರ್ಷಿಕೆಯಲ್ಲಿ ‘ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಜಾಗೃತಿ’ ಎಂದು ಬರೆದಿದ್ದೀರಿ. ರೋಗದ ಹೆಸರು ಗೊತ್ತಿಲ್ಲದವರು ಅದನ್ನು ಹುಡುಕುವುದಾದರೂ ಹೇಗೆ? ಅವರು ಮೈಕ್ ಒತ್ತಿ ಕೇಳುವುದು ‘ಮಗ ಪದೇ ಪದೇ ಬೀಳ್ತಾನ’, ‘ಮೆಟ್ಟಿಲು ಹತ್ತಾಕ ಆಗವಲ್ದು’. ಆ ಮಾತೇ ಶೀರ್ಷಿಕೆ ಆಗಲಿ, ರೋಗದ ಹೆಸರು ಕೊನೆಗೆ ಬರಲಿ. ಆರಂಭದ ತಿರುಗುವ ಲಾಂಛನ, ಗಣ್ಯರ ಸ್ವಾಗತ ಎಲ್ಲ ತೆಗೆಯಿರಿ. ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರೇಕ್ಷಕರು ಎಷ್ಟು ಹೊತ್ತು ಉಳಿದರು ಎಂಬ ಗೆರೆ ಇದೆಯಲ್ಲ, ಅದು ಎಲ್ಲಿ ಕುಸಿದಿದೆ ನೋಡಿಕೊಳ್ಳಿ. ಬಹುತೇಕ ಆ ಲಾಂಛನ ಇನ್ನೂ ತಿರುಗುತ್ತಿರುವಾಗಲೇ. ನಿಪ್ಪಾಣಿ, ಖಾನಾಪುರ ಕಡೆಗೂ ತಲುಪಬೇಕೆಂದರೆ ಅದೇ ದೃಶ್ಯಕ್ಕೆ ಮರಾಠಿ ಧ್ವನಿ ಕೊಟ್ಟು ಬೇರೆ ವಿಡಿಯೊ ಹಾಕಿ. ಅರ್ಧ ಕನ್ನಡ ಅರ್ಧ ಮರಾಠಿ ಮಾಡಿದರೆ ಇಬ್ಬರೂ ಅರ್ಧಕ್ಕೇ ಬಿಡುತ್ತಾರೆ.

ಈಗ ನಾನು ಅತಿ ಮುಖ್ಯ ಎಂದುಕೊಳ್ಳುವ ಸಂಗತಿ. ನಿಮ್ಮ ಒಂದು ವಿಡಿಯೊದಲ್ಲಿ ‘ಇದು ತಾಯಿಯಿಂದ ಬರುವ ರೋಗ’ ಎಂದಿದೆ. ಇವತ್ತೇ ತೆಗೆಯಿರಿ. ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಹುಡುಗನಿಗೆ ಆ ವರ್ಣತಂತು ಬರುವುದು ತಾಯಿಯಿಂದ ಎಂಬುದು ನಿಜ. ಆದರೆ ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ತಾಯಿ ವಾಹಕಿಯೇ ಅಲ್ಲ, ಬದಲಾವಣೆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಆ ಒಂದು ಸಾಲು ಅತ್ತೆಯ ಕಿವಿಗೆ ಬಿದ್ದರೆ ಸೊಸೆಯ ಬದುಕು ಏನಾಗುತ್ತದೆ ನಿಮಗೆ ಗೊತ್ತು. ಹಾಗೆಯೇ ‘ಸೋದರಮಾವನಿಗೆ ಕೊಟ್ಟದ್ದಕ್ಕೇ ಹಿಂಗಾತು’ ಎಂಬ ಮಾತು. ರಕ್ತಸಂಬಂಧದ ಲಗ್ನ, ಬೆನ್ನುಹುರಿಯ ನರಕೋಶ ಸೊರಗಿ ಸ್ನಾಯು ಕ್ಷೀಣಿಸುವ ಎಸ್‌ಎಂಎಯಂಥ ಕಾಯಿಲೆಗಳ ಸಾಧ್ಯತೆ ಹೆಚ್ಚಿಸುತ್ತದೆ, ಅಲ್ಲಿ ದೋಷದ ಜೀನ್ ಇಬ್ಬರಿಂದಲೂ ಬರಬೇಕು. ಡಿಎಂಡಿಗೆ ಅದು ಕಾರಣವಲ್ಲ. ‘ಯಾರ ತಪ್ಪೂ ಅಲ್ಲ, ಮುಂದಿನ ಮಗುವಿಗೆ ಮೊದಲು ತಾಯಿಯ ಜೀನ್ ಪರೀಕ್ಷೆ ಮಾಡಿಸಿ, ತಿಳಿದವರ ಸಲಹೆ ಪಡೆಯಿರಿ’ ಎಂದರೆ ಸರಿ.

‘ಇಪ್ಪತ್ತು ವರ್ಷ ದಾಟಲ್ಲ ಈ ಕಂದ’ ಎಂಬ ಥಂಬ್‌ನೇಲ್ ಕೂಡ ಹಾಗೆಯೇ. ಸ್ಟೀರಾಯ್ಡ್, ಹೃದಯ ಮತ್ತು ಉಸಿರಾಟದ ಆರೈಕೆ ಸಿಕ್ಕವರು ಮೂವತ್ತರ ಆಚೆಗೂ ಇದ್ದಾರೆ. ಅದಕ್ಕಿಂತ ದೊಡ್ಡದು, ಆ ಚಿತ್ರದಲ್ಲಿರುವ ಹನ್ನೆರಡು ವರ್ಷದ ಹುಡುಗನಿಗೆ ಓದಲು ಬರುತ್ತದೆ, ಅವನ ಕೈಯಲ್ಲೂ ಫೋನ್ ಇದೆ.

ಒಪ್ಪಿಗೆ ಪತ್ರದಲ್ಲಿ ಮುಖ, ಹೆಸರು, ಊರು – ಮೂರಕ್ಕೂ ಬೇರೆ ಬೇರೆ ಗುರುತು ಇರಲಿ. ಸಹಿ ಪಡೆಯುವುದು ಸಂಕಲನ ಮುಗಿದ ವಿಡಿಯೊ ತೋರಿಸಿದ ಮೇಲೆ. ‘ಬೇಡ’ ಎಂದರೂ ಸಹಾಯ ನಿಲ್ಲುವುದಿಲ್ಲ ಎಂದು ಅದರಲ್ಲೇ ಬರೆಯಿರಿ. ಚೌಕಟ್ಟಿನ ಮೂಲೆಗಳನ್ನೂ ನೋಡಿ: ಶಾಲೆಯ ಬ್ಯಾಡ್ಜ್, ಬೈಕಿನ ನಂಬರ್, ಆಸ್ಪತ್ರೆ ಫೈಲಿನ ಮೇಲಿನ ಹೆಸರು.

ಯೂಟ್ಯೂಬಿನ ಒಂದು ಬಲೆಯಲ್ಲಿ ನೀವು ಸಿಕ್ಕಿದ್ದೀರಿ ಅನ್ನಿಸುತ್ತದೆ, ಏಕೆಂದರೆ ನಾಲ್ಕು ವಿಡಿಯೊಗಳಲ್ಲಿ ಕಾಮೆಂಟೇ ಇಲ್ಲ ಎಂದಿದ್ದೀರಿ. ಅಪ್‌ಲೋಡ್ ಮಾಡುವಾಗ ‘ಮಕ್ಕಳಿಗಾಗಿ ಮಾಡಿದ್ದೇ?’ ಎಂದು ಕೇಳುತ್ತದೆ. ಮಗು ಕಾಣುತ್ತದೆಂದು ಹೌದು ಒತ್ತಿರಬಹುದು. ಅದು ಕೇಳುವುದು ನೋಡುವವರು ಮಕ್ಕಳೇ ಎಂದು. ಹೌದು ಎಂದರೆ ಕಾಮೆಂಟ್, ಕೊನೆಯ ಪರದೆ, ಹೊಸ ವಿಡಿಯೊ ಸೂಚಿಸುವ ಗಂಟೆ ಎಲ್ಲ ಬಂದ್. ‘ಅಲ್ಲ’ ಮಾಡಿ. ಅಷ್ಟಾದರೂ ಮಕ್ಕಳು ಕಾಣುವ ವಿಡಿಯೊಗಳ ಕಾಮೆಂಟನ್ನು ಯೂಟ್ಯೂಬ್ ತಾನಾಗಿ ಮುಚ್ಚುವುದುಂಟು. ಆದ್ದರಿಂದ ಸಂಪರ್ಕ ಸಂಖ್ಯೆ ಕಾಮೆಂಟಿನಲ್ಲಿ ಮಾತ್ರ ಇರಬಾರದು, ಚಿತ್ರದ ಮೇಲೇ ಇರಬೇಕು.

ದಾನಿಗಳ ವಿಡಿಯೊ ಬೇರೆ ಅಂದೆನಲ್ಲ. ಈಗ ದುಡ್ಡಿನ ಮನವಿಯನ್ನು ಶಾರ್ಟ್ಸ್ (ಯೂಟ್ಯೂಬಿನ ಕಿರು ವಿಡಿಯೊ) ಮಾಡಿ ವಿವರಣೆಯಲ್ಲಿ ಲಿಂಕ್ ಹಾಕಿದ್ದೀರಿ. 2023ರ ಆಗಸ್ಟ್ ಕೊನೆಯಿಂದ ಶಾರ್ಟ್ಸಿನ ವಿವರಣೆ, ಕಾಮೆಂಟುಗಳಲ್ಲಿನ ಲಿಂಕ್ ಒತ್ತಲು ಬರುವುದಿಲ್ಲ. ಕ್ಯೂಆರ್ ತೋರಿಸಿದ್ದೀರಿ, ಫೋನಿನಲ್ಲಿ ನೋಡುವವನು ತನ್ನ ಪರದೆಯನ್ನು ತಾನೇ ಹೇಗೆ ಸ್ಕ್ಯಾನ್ ಮಾಡಿಯಾನು? ಅಡ್ಡಲಾದ, ಎರಡು-ಮೂರು ನಿಮಿಷದ ವಿಡಿಯೊ ಮಾಡಿ, ಲಿಂಕ್ ವಿವರಣೆಯ ಮೊದಲ ಸಾಲಿನಲ್ಲಿರಲಿ, ಬೇರೆಯವರ ಫೋನಿನಿಂದ ಒಮ್ಮೆ ಒತ್ತಿ ನೋಡಿ. ಯುಪಿಐ ಐಡಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಆರು ಸೆಕೆಂಡು ಬಿಡಿ. ಪಾವತಿಸುವಾಗ ಟ್ರಸ್ಟಿನ ಹೆಸರೇ ಬರಬೇಕು. ಕಾರ್ಯದರ್ಶಿಯ ಸ್ವಂತ ಹೆಸರು ಕಂಡ ಕೂಡಲೇ ಜನ ಹಿಂದೆ ಸರಿಯುತ್ತಾರೆ, ಸರಿಯೇ ಮಾಡುತ್ತಾರೆ. ದಾನಿಗೆ ಆದಾಯ ತೆರಿಗೆ ವಿನಾಯಿತಿಯ 80ಜಿ ರಸೀದಿ ಸಿಗುತ್ತದೆಯೇ ಹೇಳಿ. ನಗದಾಗಿ 2000 ರೂಪಾಯಿ ಮೀರಿದರೆ ಆ ವಿನಾಯಿತಿ ಇಲ್ಲ ಎಂಬುದನ್ನೂ ಹೇಳಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ವಿದೇಶಿ ದೇಣಿಗೆ ತೆಗೆದುಕೊಳ್ಳಬೇಡಿ.

‘ಕೈಲಾದಷ್ಟು ಕೊಡಿ’ ಎಂದರೆ ಏನೂ ಬರುವುದಿಲ್ಲ. ಒಬ್ಬ ಹುಡುಗ ಮತ್ತು ತಾಯಿ ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜ್, ಒಂದು ಸಿಪಿಕೆ, ರಾತ್ರಿ ಕಟ್ಟುವ ಒಂದು ಜೊತೆ ಕಾಲಿನ ಸ್ಪ್ಲಿಂಟ್ – ನಿಮ್ಮದೇ ಬಿಲ್ಲಿನ ಮೊತ್ತ ತೋರಿಸಿ, ಅದೊಂದನ್ನೇ ಕೇಳಿ. ಮುಂದಿನ ತಿಂಗಳು ಅದೇ ಬಿಲ್ ಪಾವತಿಯಾದ ಇಪ್ಪತ್ತು ಸೆಕೆಂಡಿನ ವಿಡಿಯೊ ಹಾಕಿ. ‘16 ಕೋಟಿ ಇಂಜೆಕ್ಷನ್ ಇವರಿಗಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಎಸ್‌ಎಂಎಗೆ, ಡಿಎಂಡಿಗಲ್ಲ ಎಂದು ಮೊದಲೇ ಹೇಳಿಬಿಡಿ.

ಧ್ವನಿಯ ವಿಷಯ. ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದ ಕಡೆ. ಬರಿ ಕಲ್ಲು ಹಾಸಿದ ಖಾಲಿ ಕೋಣೆ ಬೇಡ, ಮಾತು ಗೋಳಗುಮ್ಮಟದೊಳಗೆ ಆಡಿದಂತೆ ಕೇಳುತ್ತದೆ. ಕೌದಿ, ಹಾಸಿಗೆ ಇರುವ ಕೋಣೆ ಹುಡುಕಿ. ಗುಳೇದಗುಡ್ಡ, ಬನಹಟ್ಟಿಯ ಮನೆಗಳಲ್ಲಾದರೆ ಕರೆಂಟ್ ಹೋಗುವ ಹೊತ್ತು ತಿಳಿದುಕೊಂಡು ಹೋಗಿ, ಪವರ್‌ಲೂಮ್ ಆಗ ಮಾತ್ರ ಸುಮ್ಮನಿರುತ್ತದೆ. ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಓಡಿದರೆ ಶಟರ್ 1/50 ಅಥವಾ 1/100ಕ್ಕೆ ಇಡಿ, ನಮ್ಮ ವಿದ್ಯುತ್ 50 ಹರ್ಟ್ಸ್. ಅಕ್ಷರಕ್ಕೆ ಯೂನಿಕೋಡ್ ಫಾಂಟನ್ನೇ ಬಳಸಿ, ಹಳೆಯ ‘ನುಡಿ’ ತಂತ್ರಾಂಶದ ಕಡತದಿಂದ ನಕಲಿಸಿದರೆ ಕಸ ಬರುತ್ತದೆ. ಮೊದಲು ‘ಡಿಸ್ಟ್ರೋಫಿ’ ಎಂದು ಬರೆದು ನೋಡಿ; ಒತ್ತಕ್ಷರ ಒಡೆದರೆ ಅಥವಾ ಕೆಳಗಿನ ಪಟ್ಟಿಯಲ್ಲಿ ಕತ್ತರಿಸಿ ಹೋದರೆ ಆ ಆ್ಯಪ್ ಬಿಡಿ.

ನಮ್ಮ ಕಡೆ ವಿಡಿಯೊ ಓಡಾಡುವುದು ವಾಟ್ಸ್ಆ್ಯಪಿನಲ್ಲೇ. ಐದು ಕೈ ದಾಟಿದ ಸಂದೇಶ ಒಮ್ಮೆಗೆ ಒಂದೇ ಚಾಟಿಗೆ ಹೋಗುತ್ತದೆ, ಆದ್ದರಿಂದ ಆಶಾ ಕಾರ್ಯಕರ್ತೆಯರ, ಶಿಕ್ಷಕರ ಗುಂಪುಗಳಿಗೆ ಮೂಲ ಕಡತವನ್ನೇ ಹೊಸದಾಗಿ ಕಳಿಸಿ. ಜೊತೆಯ ಬರಹ ದಾರಿಯಲ್ಲಿ ಉದುರಿಹೋಗುವುದುಂಟು. ಫೋನ್ ಸಂಖ್ಯೆ, ಜಿಲ್ಲೆ, ತಿಂಗಳು-ವರ್ಷ ಚಿತ್ರದಲ್ಲೇ ಅಚ್ಚಾಗಿರಲಿ. ದುಡ್ಡಿನ ಮನವಿಯಾದರೆ ‘ಇಂಥ ತಿಂಗಳವರೆಗೆ ಮಾತ್ರ’ ಎಂದೂ ಇರಲಿ. ಇಲ್ಲದಿದ್ದರೆ ಮಗು ತೀರಿಕೊಂಡ ಎಷ್ಟೋ ವರ್ಷದ ಮೇಲೂ ಅದು ಆ ಮನೆಯವರ ಫೋನಿಗೇ ಮರಳಿ ಬರುತ್ತದೆ.

ಡುಶೆನ್ ದಿನ ಸೆಪ್ಟೆಂಬರ್ 7, ಅಂದರೆ 7-9; ಡಿಎಂಡಿ ಜೀನಿನ ತುಣುಕುಗಳಾದ 79 ಎಕ್ಸಾನ್‌ಗಳ ಲೆಕ್ಕಕ್ಕೆ. ಅಪರೂಪದ ಕಾಯಿಲೆಗಳ ದಿನ ಫೆಬ್ರುವರಿಯ ಕೊನೆಯ ದಿನ. ಎರಡಕ್ಕೂ ಆರು ವಾರ ಮೊದಲೇ ಚಿತ್ರೀಕರಣ ಮುಗಿಸಿ. ಹಾಕುವ ಮುನ್ನ ರಾತ್ರಿ ಎಂಟರಿಂದ ಹತ್ತರವರೆಗೆ ಫೋನ್ ಎತ್ತುವವರು ಯಾರೆಂದು ಗೊತ್ತು ಮಾಡಿ. ಹೊಲದಿಂದ, ಮಗ್ಗದಿಂದ ಬಂದವರು ಕರೆ ಮಾಡುವುದು ಆಗಲೇ. ಎತ್ತಿದವರು ನಾಲ್ಕು ಪ್ರಶ್ನೆ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ: ಹುಡುಗನ ವಯಸ್ಸೆಷ್ಟು, ನೆಲದಿಂದ ಹೇಗೆ ಏಳುತ್ತಾನೆ, ಸಿಪಿಕೆ ಆಗಿದೆಯೇ, ಯಾವ ವಿಡಿಯೊ ನೋಡಿ ಕರೆ ಮಾಡಿದಿರಿ.