ಬ್ಯಾಲೆಟ್‌ನಲ್ಲಿ ಜಡ್ಜ್ ಹೆಸರೇ ಇಲ್ಲ ಅಂದರೆ

ನಿಮ್ಮ ಕ್ಯಾಲಿಫೋರ್ನಿಯಾ ಬ್ಯಾಲೆಟ್‌ನಲ್ಲಿ ಸುಪೀರಿಯರ್ ಕೋರ್ಟ್ (ಕೌಂಟಿ, ಅಂದರೆ ಜಿಲ್ಲೆ ಮಟ್ಟದ ವಿಚಾರಣಾ ಕೋರ್ಟ್) ಜಡ್ಜ್ ಹೆಸರು ಕಾಣುತ್ತಿಲ್ಲ, ತಪ್ಪಿ ಬಿಟ್ಟುಹೋಗಿದೆಯಾ ಅಂತ ಕೇಳಿದ್ದೀರಿ. ಬಿಟ್ಟುಹೋಗಿಲ್ಲ. ಬಹುಶಃ ಅವರ ಎದುರು ಯಾರೂ ನಿಂತಿಲ್ಲ. ಹಾಲಿ ಜಡ್ಜ್‌ಗೆ ಪೈಪೋಟಿ ಇಲ್ಲದಿದ್ದರೆ ಸಾಮಾನ್ಯವಾಗಿ ಹೆಸರನ್ನೇ ಹಾಕುವುದಿಲ್ಲ, ಇನ್ನೂ 6 ವರ್ಷ ಮುಂದುವರಿಯುತ್ತಾರೆ. ಮತ ಹಾಕಲು ಕಾಯುತ್ತಿದ್ದವರಿಗೆ ಇದು ವಿಚಿತ್ರವೇ, ಅಲ್ವಾ? ಅಥವಾ ಪ್ರೈಮರಿಯಲ್ಲೇ (ಮುಖ್ಯ ಚುನಾವಣೆಗೆ ಮೊದಲು ನಡೆಯುವ ಸುತ್ತು) ಅರ್ಧಕ್ಕಿಂತ ಜಾಸ್ತಿ ಮತ ಪಡೆದು ಗೆದ್ದಿರಬಹುದು. ನೀವು ಬರೆದಷ್ಟರಿಂದ ಯಾವುದು ಅಂತ ಹೇಳುವುದು ಕಷ್ಟ.

ಮೊದಲು ಕೌಂಟಿ ಚುನಾವಣಾ ಕಚೇರಿಯ ವೆಬ್‌ಸೈಟ್‌ನಲ್ಲಿ ಪ್ರೈಮರಿ ಫಲಿತಾಂಶ ನೋಡಿ. ಅಲ್ಲೂ ಆ ಹೆಸರು ಇಲ್ಲದಿದ್ದರೆ ಮೊದಲನೇ ಕಾರಣವೇ ಇರಬಹುದು.

ಬ್ಯಾಲೆಟ್‌ನಲ್ಲಿ ಬೇರೆ ಜಡ್ಜ್ ಸ್ಥಾನಕ್ಕೆ ಸ್ಪರ್ಧೆ ಇದ್ದರೆ, ಹೆಸರಿನ ಕೆಳಗೆ ಅಭ್ಯರ್ಥಿಯ ವೃತ್ತಿ ಹೇಳುವ ‘ಡೆಪ್ಯುಟಿ ಡಿಸ್ಟ್ರಿಕ್ಟ್ ಅಟಾರ್ನಿ’ (ಸರ್ಕಾರಿ ವಕೀಲ) ಥರದ ಎರಡು-ಮೂರು ಪದ ನೋಡಿ ಸುಮ್ನೆ ಗುರುತು ಹಾಕಬೇಡಿ. ವಕೀಲರಿಗೆ ಪರವಾನಗಿ ನೋಡಿಕೊಳ್ಳುವ ಸಂಸ್ಥೆಯಾದ ಕ್ಯಾಲಿಫೋರ್ನಿಯಾ ಸ್ಟೇಟ್ ಬಾರ್ ಸೈಟ್‌ನಲ್ಲಿ ಆ ಹೆಸರು ಹುಡುಕಿ. ವಕೀಲರಾದ ವರ್ಷವೂ ಶಿಸ್ತುಕ್ರಮ ಏನಾದರೂ ಆಗಿದ್ದರೆ ಅದೂ ಸಿಗುತ್ತದೆ.